ಕುಶಲವಿದ್ಯೆಯ ಶಿಕ್ಷಣವೂ ಜೀವನೋಪಾಯವೂ

1

ಕ್ರಿ. ಶ. 1857ನೆಯ ವರ್ಷವು ಭರತಖಂಡದ ವಿದ್ಯಾಚರಿತ್ರೆಯಲ್ಲಿ ಎರಡು ಕಾರಣಗಳಿಂದ ನೆನಪಿಡತಕ್ಕುದಾಗಿದೆ. ಕಲ್ಕತ್ತೆ, ಮುಂಬಯಿ, ಮದರಾಸು ಈ ಮೂರು ನಗರಗಳಲ್ಲಿ ವಿಶ್ವವಿದ್ಯಾನಿಲಯಗಳು ಸ್ಥಾಪಿತವಾದುದು ಆ ವರ್ಷದಲ್ಲಿ. ಮುಂಬಯಿಯಲ್ಲಿ ಸರ್ ಜಮ್ಶೆಟ್ಜಿ ಜೀಜೀಭಾಯಿಯವರು ಕೊಟ್ಟ ಒಂದು ಲಕ್ಷ ರೂಪಾಯಿಗಳ ದತ್ತಿಯಿಂದ ಕಲಾಶಾಲೆಯೊಂದು ಆರಂಭವಾದುದೂ ಅದೇ ವರ್ಷದ ಮಾರ್ಚಿ ತಿಂಗಳಲ್ಲಿ. ಒಂದೇ ನಗರದಲ್ಲಿ ಒಂದೇ ವರ್ಷ ಹುಟ್ಟಿದ ಈ ಎರಡು ಸಂಸ್ಥೆಗಳು ಮೊದಲಿನಿಂದಲೂ ಬೇರೆ ಬೇರೆ ದಾರಿಗಳನ್ನು ಹಿಡಿದುವು. ವಿಶ್ವವಿದ್ಯಾನಿಲಯವು ಲಂಡನ್ನಿನ ಮಾದರಿಯಂತೆ ಪರೀಕ್ಷೆಗಳನ್ನು ನಡೆಯಿಸಿ ಪದವಿಗಳನ್ನು ಕೊಡತಕ್ಕ ಸಂಸ್ಥೆಯಾಯಿತು. ಸಾಹಿತ್ಯ, ನ್ಯಾಯಶಾಸ್ತ್ರ, ವೈದ್ಯ, ಕಟ್ಟಡಗಳ ಇಂಜಿನಿಯರಿಂಗು ಇವುಗಳಿಗೆ ಅಲ್ಲಿ ಸ್ಥಾನ ದೊರೆಯಿತು. ಮಣ್ಣು, ಮರ, ಲೋಹ, ನೂಲುಗಳನ್ನು ಹಿಡಿದು ಮಾಡುವ ಕೆಲಸವು ಪದವಿಗೆ ಹೊರಗಾಗಿಯೇ ಉಳಿಯಿತು. ಆ ಶಾಲೆಯ ಚಿತ್ರಕಲೆಯ ಶಿಕ್ಷಣವು ಮುಂಬಯಿ ವಿಶ್ವವಿದ್ಯಾನಿಲಯದ ಪದವಿಯೊಡನೆ ಸೇರುವುದಕ್ಕೆ ಒಂದು ಶತಮಾನಕ್ಕಿಂತಲೂ ಹೆಚ್ಚು ಕಾಲ ಹಿಡಿಯಿತು.

ಈ ಅಗಲಿಕೆಯ ಫಲವು ಕೇವಲ ಮರ್ಯಾದೆಗೆ ಸಂಬಂಧಪಟ್ಟುದಲ್ಲ. ಪದವಿಯು ಸರ್ಕಾರದ ಉದ್ಯೋಗಕ್ಕೆ ದಾರಿಯಾಗಿದ್ದ ಕಾಲದಲ್ಲಿ ಪದವಿಯಿಲ್ಲದ ವಿದ್ಯೆಯನ್ನು ಕಲಿತವನು ಏನಾಗಬೇಕು, ಎಲ್ಲಿ ಕೆಲಸ ಮಾಡಬೇಕು, ಯಾರಿಗಾಗಿ ಮಾಡಬೇಕು ಎಂಬ ಪ್ರಶ್ನೆಗಳು ಪ್ರತಿಯೊಬ್ಬ ವಿದ್ಯಾರ್ಥಿಯ ಮುಂದೆಯೂ ನಿಂತುವು. ಕುಶಲವಿದ್ಯೆಯು ಕುಲದಿಂದ ಶಾಲೆಗೂ ಶಾಲೆಯಿಂದ ವಿಶ್ವವಿದ್ಯಾನಿಲಯಕ್ಕೂ ಬಂದ ಬಗೆಯನ್ನು ನೋಡುವಾಗ ಈ ಪ್ರಶ್ನೆಗಳಿಗೆ ಒಂದೊಂದು ಸಂಸ್ಥೆಯು ಕೊಟ್ಟ ಉತ್ತರವನ್ನೇ ಮುಖ್ಯವಾಗಿ ಗಮನಿಸಬೇಕಾಗುತ್ತದೆ.

2

ಹಳೆಯ ವ್ಯವಸ್ಥೆಯಲ್ಲಿ ಇಂತಹ ಪ್ರಶ್ನೆಯು ಹುಟ್ಟುವುದಕ್ಕೇ ಅವಕಾಶವಿರಲಿಲ್ಲ. ಕರ್ನಾಟಕದ ಶಾಸನಗಳೂ ದೇವಾಲಯಗಳೂ ಇದಕ್ಕೆ ಒಳ್ಳೆಯ ಸಾಕ್ಷ್ಯವನ್ನು ಕೊಡುತ್ತವೆ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗನಾದ ಚಾವಣನೂ ತಮ್ಮ ಶಿಲ್ಪಗಳ ಕೆಳಗೆ ಹೆಸರುಗಳನ್ನು ಬಿರುದುಗಳೊಡನೆ ಕೆತ್ತಿದ್ದಾರೆ. ಮಲ್ಲಿತಮ್ಮನೆಂಬ ರೂವಾರಿಯ ಹೆಸರು 13ನೆಯ ಶತಮಾನದ ಅನೇಕ ದೇವಾಲಯಗಳಲ್ಲಿ, ನುಗ್ಗೆಹಳ್ಳಿಯಲ್ಲಿಯೂ ಸೋಮನಾಥಪುರದಲ್ಲಿಯೂ, ಕಾಣಬರುತ್ತದೆ. ತಂದೆಯೂ ಮಗನೂ ಒಂದೇ ಗುಡಿಯಲ್ಲಿ ಉಳಿ ಹಿಡಿದುದು, ಒಬ್ಬನೇ ಶಿಲ್ಪಿಯು ಗುಡಿಯಿಂದ ಗುಡಿಗೆ ಹೋಗಿ ಕೆಲಸ ಮಾಡಿದುದು, ಈ ಎರಡು ಸಂಗತಿಗಳಿಂದಲೂ ಕಲಿಕೆ ಮತ್ತು ಜೀವನೋಪಾಯಗಳು ಆ ಕಾಲದಲ್ಲಿ ಒಂದೇ ನೂಲಿನ ಎರಡು ಎಳೆಗಳಂತೆ ಇದ್ದುವೆಂದು ತಿಳಿಯುವುದು.

ಕಬ್ಬಿಣ, ಮರ, ಕಂಚು, ಕಲ್ಲು, ಚಿನ್ನ ಈ ಐದರಲ್ಲಿ ಕೆಲಸ ಮಾಡುವ ಪಂಚಾಳರ ಮನೆಯಲ್ಲಿ ಮಗನಿಗೆ ತಂದೆಯಿಂದ ಬರುತ್ತಿದ್ದುದು ಕೈಯ ಹದ ಮಾತ್ರವಲ್ಲ. ಹತಾರಗಳು, ಕೆಲಸದ ಜಾಗ, ಸಾಮಗ್ರಿ ತರುವ ದಾರಿ, ಕೆಲಸ ಕೊಡತಕ್ಕ ಧಣಿಗಳ ಪರಿಚಯ ಇವೆಲ್ಲವೂ ಒಟ್ಟಿಗೆ ಬರುತ್ತಿದ್ದುವು. ಆದರೆ ಈ ವ್ಯವಸ್ಥೆಯನ್ನು ಸುಮ್ಮನೆ ಕೊಂಡಾಡುವುದು ಸಾಧುವಲ್ಲ. ಅದರ ಬಾಗಿಲು ಹುಟ್ಟಿನಿಂದಲೇ ತೆರೆಯುತ್ತಿತ್ತು, ಹುಟ್ಟಿನಿಂದಲೇ ಮುಚ್ಚುತ್ತಿತ್ತು. ಬರಹಕ್ಕೆ ಇಳಿಯದ ವಿದ್ಯೆಯು ಒಂದು ಮನೆ ಅಳಿದರೆ ಅದರೊಡನೆ ಅಳಿಯುತ್ತಿತ್ತು. ಆಶ್ರಯ ಕೊಟ್ಟ ಅರಸುಮನೆ ಬಿದ್ದರೆ ಅದನ್ನು ನಂಬಿದ್ದ ಕೇರಿಯೇ ಬಿದ್ದು ಹೋಗುತ್ತಿತ್ತು. 19ನೆಯ ಶತಮಾನದಲ್ಲಿ ಅರಸುಮನೆಗಳ ಅಧಿಕಾರವು ಕುಗ್ಗಿ, ಯಂತ್ರದ ಬಟ್ಟೆಯೂ ಅಗ್ಗದ ವಿಲಾಯತಿ ಸರಕೂ ಪೇಟೆಯನ್ನು ತುಂಬಿದಾಗ ಈ ಅಪಾಯವು ನಾಡಿನುದ್ದಕ್ಕೂ ಒಮ್ಮೆಲೇ ಕಾಣಿಸಿಕೊಂಡಿತು.

3

ಕುಶಲವಿದ್ಯೆಗೆ ಶಾಲೆಯನ್ನು ತೆರೆದವರಲ್ಲಿ ಮೊದಲಿಗರೊಬ್ಬರು ಮದರಾಸಿನ ವೈದ್ಯರಾದ ಡಾಕ್ಟರ್ ಅಲೆಗ್ಜಾಂಡರ್ ಹಂಟರ್. ಇವರು 1850ರಲ್ಲಿ ಸ್ವಂತ ಖರ್ಚಿನಿಂದ ಒಂದು ಕಲಾಶಾಲೆಯನ್ನೂ ಮರುವರ್ಷ ಕೈಗಾರಿಕೆಯ ಶಾಲೆಯನ್ನೂ ನಡೆಯಿಸಿದರು. 1855ರಲ್ಲಿ ಸರ್ಕಾರವು ಅದನ್ನು ವಹಿಸಿಕೊಂಡಿತು. 1851ರಲ್ಲಿ ಲಂಡನ್ನಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಭಾರತದ ನೆಯ್ಗೆ, ಲೋಹದ ಕೆಲಸ, ಕೆತ್ತನೆಗಳನ್ನು ಕಂಡು ಇಂಗ್ಲೆಂಡಿನವರು ಬೆರಗಾಗಿದ್ದರು. ಹೀಗಿದ್ದೂ ಇಲ್ಲಿಯ ಶಾಲೆಗಳಲ್ಲಿ ಬೋಧಿಸಲ್ಪಟ್ಟುದು ಬಹುಮಟ್ಟಿಗೆ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿ ಸಿದ್ಧವಾದ ಕ್ರಮವೇ ಆಗಿತ್ತು. ಸರಳರೇಖೆಯಿಂದ ತೊಡಗಿ, ಅಚ್ಚಿನ ಮಾದರಿಗಳನ್ನು ನಕಲು ಮಾಡಿ, ಗಾರೆಯಲ್ಲಿ ಎರೆದ ಗ್ರೀಕ್ ಪ್ರತಿಮೆಗಳನ್ನು ನೋಡಿ ಬರೆಯುವುದು ಅದರ ಮೆಟ್ಟಲುಗಳು.

ಇದರಿಂದ ಎರಡು ಪರಿಣಾಮಗಳುಂಟಾದುವು. ಕುಲಕಸುಬಿನವರ ಮಕ್ಕಳಿಗೆ ಈ ಪಾಠವು ಮನೆಯ ಕೆಲಸಕ್ಕೆ ಹೊಂದಲಿಲ್ಲ. ವರ್ಷಗಟ್ಟಲೆ ಸಂಪಾದನೆಯಿಲ್ಲದೆ ಶಾಲೆಯಲ್ಲಿ ಕೂಡುವುದು ಅವರ ಮನೆಗಳಿಗೆ ಭಾರವೂ ಆಗಿತ್ತು. ಇನ್ನೊಂದು ಕಡೆ, ಓದುಬರಹ ಬಲ್ಲ ಮನೆಗಳಿಂದ ಬಂದ ಹುಡುಗರಿಗೆ ರೇಖಾಭ್ಯಾಸವು ಸುಲಭವಾಗಿ ಬಂದಿತಾದರೂ ಅದರಿಂದ ದೊರೆಯಬಹುದಾದ ಉದ್ಯೋಗವು ಸ್ಕೂಲಿನ ಡ್ರಾಯಿಂಗ್ ಮಾಸ್ತರಿಕೆ ಅಥವಾ ಸರ್ಕಾರಿ ಕಛೇರಿಯ ನಕ್ಷೆಗಾರನ ಕೆಲಸವೇ ಆಗಿತ್ತು. ಮುಂಬಯಿ ಸರ್ಕಾರದ ಚಿತ್ರಕಲಾ ಪರೀಕ್ಷೆಗಳು ಈ ಉದ್ಯೋಗಕ್ಕೆ ಮೆಟ್ಟಲಾದುವು. ಧಾರವಾಡದಲ್ಲಿ ಡಿ. ವಿ. ಹಾಲಭಾವಿಯವರೂ ಗದಗಿನಲ್ಲಿ ಟಿ. ಪಿ. ಅಕ್ಕಿಯವರೂ ನಡೆಯಿಸಿದ ಕಲಾಶಾಲೆಗಳು ಉತ್ತರ ಕರ್ನಾಟಕದ ಹುಡುಗರಿಗೆ ಈ ದಾರಿಯನ್ನು ತೋರಿಸಿದುವು. ಡ್ರಾಯಿಂಗ್ ಮಾಸ್ತರಿಕೆಯನ್ನು ಅಲ್ಪವೆಂದು ಎಣಿಸಲಾಗದು. ತಾಲ್ಲೂಕು ತಾಲ್ಲೂಕಿಗೆ ಚಿತ್ರದ ಅಭಿರುಚಿಯನ್ನು ಕೊಂಡೊಯ್ದವರು ಅವರೇ. ಆದರೂ ಕುಶಲಕರ್ಮಿಗಳನ್ನು ಉಳಿಸುವುದಕ್ಕಾಗಿ ತೆರೆದ ಶಾಲೆಗಳಿಂದ ಹೊರಬಂದವರು ಹೆಚ್ಚಾಗಿ ಮಾಸ್ತರರೂ ಗುಮಾಸ್ತರೂ ಆದರೆಂಬುದು ಆ ಶಾಲೆಗಳ ಉದ್ದೇಶಕ್ಕೆ ಒದಗಿದ ಕೊರತೆಯೇ ಸರಿ.

4

ಈ ಕೊರತೆಯನ್ನು ಮೊದಲು ಚೆನ್ನಾಗಿ ಅರಿತವರಲ್ಲಿ ಜಾನ್ ಲಾಕ್‌ವುಡ್ ಕಿಪ್ಲಿಂಗ್ ಒಬ್ಬರು. 1865ರಲ್ಲಿ ಮುಂಬಯಿಯ ಶಾಲೆಗೆ ಶಿಲ್ಪದ ಅಧ್ಯಾಪಕರಾಗಿ ಬಂದ ಇವರು 1870ರ ಸುಮಾರಿಗೆ ಸರ್ಕಾರದ ಅಪ್ಪಣೆಯ ಮೇಲೆ ಊರೂರು ತಿರುಗಿ ನೇಕಾರ, ಕುಂಬಾರ, ಬಡಗಿ, ಅಕ್ಕಸಾಲೆಗಳು ಕೆಲಸ ಮಾಡುತ್ತಿರುವುದನ್ನು ಚಿತ್ರಿಸಿದರು. ಕುಶಲಕರ್ಮಿಯ ಕೈಯನ್ನೂ ಹತಾರವನ್ನೂ ಅವನು ಕುಳಿತ ಭಂಗಿಯನ್ನೂ ಕಣ್ಣಿಟ್ಟು ನೋಡಿದ ಈ ಅನುಭವವು ಅವರ ಬೋಧನೆಗೆ ಅಡಿಪಾಯವಾಯಿತು. 1875ರಲ್ಲಿ ಲಾಹೋರಿನ ಮೇಯೋ ಕಲಾಶಾಲೆಗೆ ಮೊದಲ ಪ್ರಿನ್ಸಿಪಾಲರಾಗಿ ಹೋದಾಗ ಪಂಜಾಬಿನ ಕುಲಕಸುಬಿನವರ ಮಕ್ಕಳನ್ನೇ ಹುಡುಕಿ ಸೇರಿಸಿಕೊಂಡು, ಗ್ರೀಕ್ ಮಾದರಿಗಳ ಬದಲು ಆ ಸೀಮೆಯ ಕಟ್ಟಡಗಳ ಅಲಂಕಾರವನ್ನೇ ಪಾಠದ ವಸ್ತುವಾಗಿ ಮಾಡಿದರು.

ಆ ಶಾಲೆಯ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬನು ಬಡಗಿಯ ಮನೆಯಲ್ಲಿ ಹುಟ್ಟಿದ ಭಾಯಿ ರಾಮ್ ಸಿಂಗ್. ಅವನ ಮುಂದಿನ ಜೀವನವು ಈ ವಿಷಯಕ್ಕೆ ಒಳ್ಳೆಯ ನಿದರ್ಶನವಾಗಿದೆ. ಶಾಲೆಯಲ್ಲಿಯೇ ಅಧ್ಯಾಪಕನಾಗಿ, ಲಾಹೋರ್ ಮತ್ತು ಅಮೃತಸರದ ದೊಡ್ಡ ಕಟ್ಟಡಗಳಿಗೆ ನಕ್ಷೆ ಬರೆದು, 1890–91ರಲ್ಲಿ ಇಂಗ್ಲೆಂಡಿಗೆ ಹೋಗಿ ವಿಕ್ಟೋರಿಯಾ ರಾಣಿಯ ಆಸ್‌ಬರ್ನ್ ಅರಮನೆಯ ದರ್ಬಾರು ಕೊಠಡಿಯ ಅಲಂಕಾರವನ್ನು ರೂಪಿಸಿದರು. 1910ರಲ್ಲಿ ತಾವು ಕಲಿತ ಶಾಲೆಗೇ ಪ್ರಿನ್ಸಿಪಾಲರಾದರು. ಇಲ್ಲಿ ಎರಡು ಅಂಶಗಳನ್ನು ಗಮನಿಸಬೇಕು. ರಾಮ್ ಸಿಂಗರಿಗೆ ಕೈಯ ಹದವು ಮನೆಯಿಂದ ಬಂದಿತ್ತು. ಶಾಲೆಯು ಅದಕ್ಕೆ ನಕ್ಷೆಯ ಭಾಷೆಯನ್ನು ಕೂಡಿಸಿತು. ಎರಡನೆಯದಾಗಿ, ಕೆಲಸವನ್ನು ತಂದುಕೊಡುವ ಹೊಣೆಯನ್ನು ಶಾಲೆಯೇ ಹೊತ್ತಿತು. ಕಟ್ಟಡದ ಕೆಲಸಗಳು ಕಿಪ್ಲಿಂಗರ ಮೂಲಕ ಶಾಲೆಗೆ ಬಂದು ಶಾಲೆಯಿಂದ ಶಿಷ್ಯನ ಕೈಗೆ ಬಂದುವು. ಪಾಠಕ್ಕೂ ಪೇಟೆಗೂ ನಡುವೆ ಇದ್ದ ಕಂದಕಕ್ಕೆ ಗುರುವೇ ಸೇತುವೆಯಾದರು. ಅಂತಹ ಗುರು ಹೊರಟುಹೋದರೆ ಸೇತುವೆಯೂ ಹೋಗುತ್ತದೆಂಬುದು ಈ ಕ್ರಮದ ದುರ್ಬಲತೆ.

ಮದರಾಸಿನ ಶಾಲೆಯಲ್ಲಿ 1898ರಲ್ಲಿ ನಡೆದ ಪ್ರಯೋಗವು ಮತ್ತೊಂದು ಬಗೆಯದು. ಇಂಜಿನಿಯರಿಂಗ್ ಪ್ರೊಫೆಸರರಾಗಿದ್ದ ಆಲ್ಫ್ರೆಡ್ ಚಾಟರ್‌ಟನ್ನರು ಅಲ್ಲಿ ಅಲ್ಯೂಮಿನಿಯಂ ಪಾತ್ರೆಗಳನ್ನು ಮಾಡಿಸುವುದಕ್ಕೆ ತೊಡಗಿದರು. ತಾಮ್ರ ಹಿತ್ತಾಳೆಗಳ ಕೆಲಸ ಬಲ್ಲವರಿಗೆ ಹೊಸ ಲೋಹವನ್ನು ಬಡಿಯಲು ಕಲಿಸಿ, ಪೇಟೆಯಲ್ಲಿ ಮಾರಿ, ಕೆಲಸವು ಲಾಭಕರವೆಂದು ತೋರಿದ ಮೇಲೆ ಅದನ್ನು ಖಾಸಗಿ ಕಂಪನಿಗೆ ವರ್ಗಮಾಡಲಾಯಿತು. ಇಲ್ಲಿ ಕಲಾಶಾಲೆಯು ಕೈಗಾರಿಕೆಯ ಪ್ರಯೋಗಶಾಲೆಯಾಯಿತು. ಇದೇ ಚಾಟರ್‌ಟನ್ನರು 1912ರ ತರುವಾಯ ಮೈಸೂರು ಸಂಸ್ಥಾನದ ಕೈಗಾರಿಕೆಯ ಇಲಾಖೆಯ ಮುಖ್ಯಸ್ಥರಾದರು. ಅವರ ಕಾಲದಲ್ಲಿಯೇ ಗಂಧದೆಣ್ಣೆಯ ಕಾರ್ಖಾನೆಯು ಹುಟ್ಟಿತು.

5

ಬರೋಡಾ ಸಂಸ್ಥಾನದಲ್ಲಿ ಮಹಾರಾಜ ಸಯಾಜಿರಾವ್ ಗಾಯಕವಾಡರು 1890ರಲ್ಲಿ ತೆರೆದ ಕಲಾಭವನವು ಈ ಚರಿತ್ರೆಯಲ್ಲಿ ವಿಶೇಷ ಸ್ಥಾನವನ್ನು ಪಡೆದಿದೆ. ಅದರ ಯೋಜನೆಯನ್ನು ಹಾಕಿದವರು ಸೂರತ್ತಿನ ತ್ರಿಭುವನದಾಸ್ ಗಜ್ಜರ್. ಇವರು ಬಡಗಿಗಳ ಕುಲದಲ್ಲಿ ಹುಟ್ಟಿ ರಸಾಯನಶಾಸ್ತ್ರದಲ್ಲಿ ಪಂಡಿತರಾದವರು. ಬಣ್ಣ ಹಾಕುವುದು, ನೆಯ್ಗೆ, ಮರಗೆಲಸ, ಯಂತ್ರಕೌಶಲ, ಚಿತ್ರ ಇವನ್ನು ಗುಜರಾತಿಯಲ್ಲಿಯೇ ಕಲಿಸಬೇಕೆಂಬುದು ಅವರ ನಿಶ್ಚಯವಾಗಿತ್ತು. ಇಂಗ್ಲಿಷ್ ಬಾರದೆಂಬ ಕಾರಣದಿಂದ ಕಸುಬುದಾರನ ಮಗನು ಹೊರಗೆ ಉಳಿಯಬಾರದೆಂಬುದೇ ಇದರ ತಾತ್ಪರ್ಯ. ಬಣ್ಣಗಾರನು ತಲೆಮಾರುಗಳಿಂದ ಬಲ್ಲ ಹದಕ್ಕೆ ರಸಾಯನಶಾಸ್ತ್ರದ ಕಾರಣವನ್ನು ಅವನ ಮಾತಿನಲ್ಲಿಯೇ ತಿಳಿಸಿಕೊಟ್ಟರೆ ವಿಲಾಯತಿ ಬಣ್ಣಗಳ ಪೈಪೋಟಿಯನ್ನು ಅವನು ಎದುರಿಸಬಲ್ಲನೆಂದು ಅವರು ನಂಬಿದ್ದರು.

ಕಲಾಭವನದ ಶಿಷ್ಯರು ಹಿಡಿದ ದಾರಿಗಳನ್ನು ನೋಡಿದರೆ ಕುಶಲವಿದ್ಯೆಯ ಶಿಕ್ಷಣವು ಎಷ್ಟು ವಿಧವಾದ ಜೀವನೋಪಾಯಗಳಿಗೆ ಬೀಜವಾಗಬಹುದೆಂಬುದು ತಿಳಿಯುತ್ತದೆ. ಧುಂಡಿರಾಜ ಗೋವಿಂದ ಫಾಲ್ಕೆಯವರು ಮುಂಬಯಿಯ ಜೆ. ಜೆ. ಶಾಲೆಯಲ್ಲಿಯೂ ಬರೋಡಾದ ಕಲಾಭವನದಲ್ಲಿಯೂ ಕಲಿತವರು. ಚಿತ್ರಬರಹ, ಛಾಯಾಗ್ರಹಣ, ಕಲ್ಲಚ್ಚಿನ ಮುದ್ರಣ ಇವುಗಳಲ್ಲಿ ಪಡೆದ ಕೈಚಳಕವನ್ನೆಲ್ಲ ಕೂಡಿಸಿ 1913ರಲ್ಲಿ ‘ರಾಜಾ ಹರಿಶ್ಚಂದ್ರ’ ಚಲಚ್ಚಿತ್ರವನ್ನು ಹೊರತಂದರು. ಅವರು ಶಾಲೆಯಲ್ಲಿದ್ದಾಗ ಅಂತಹ ಉದ್ಯೋಗವೊಂದು ಈ ದೇಶದಲ್ಲಿ ಇರಲೇ ಇಲ್ಲ. ಗಜ್ಜರರ ಶಿಷ್ಯರಾದ ಬಿ. ಡಿ. ಅಮೀನರು ಗುರುಗಳೊಡನೆ ಸೇರಿ 1907ರಲ್ಲಿ ಅಲೆಂಬಿಕ್ ರಾಸಾಯನಿಕ ಕಾರ್ಖಾನೆಗೆ ಅಡಿಪಾಯ ಹಾಕಿದರು. ಇರುವ ಹುದ್ದೆಗೆ ವಿದ್ಯಾರ್ಥಿಯನ್ನು ಅಚ್ಚುಹಾಕುವುದಕ್ಕಿಂತ ಸಾಮಗ್ರಿಯ ಸ್ವಭಾವವನ್ನು ಅವನಿಗೆ ತಿಳಿಸುವುದೇ ದೂರದ ಫಲವನ್ನು ಕೊಡುತ್ತದೆಂಬುದು ಈ ಎರಡು ಉದಾಹರಣೆಗಳಿಂದ ವ್ಯಕ್ತವಾಗುತ್ತದೆ.

6

ಮೈಸೂರು ಸಂಸ್ಥಾನದಲ್ಲಿ ಕುಶಲಕಲೆಗಳಿಗೆ ದೊಡ್ಡ ಆಶ್ರಯವು ಅರಮನೆಯೇ ಆಗಿದ್ದಿತು. 1897ರಲ್ಲಿ ಹಳೆಯ ಅರಮನೆಯು ಬೆಂಕಿಗೆ ತುತ್ತಾದ ಮೇಲೆ ಹೊಸ ಅರಮನೆಯ ನಿರ್ಮಾಣವು 1912ರ ವರೆಗೆ ನಡೆಯಿತು. ಶಿಲ್ಪಿ, ಬಡಗಿ, ಚಿತ್ರಗಾರ, ಬೀಟೆಯಮರದಲ್ಲಿ ದಂತವನ್ನು ಕೂರಿಸುವ ಕೆಲಸಗಾರ ಇವರಿಗೆ ಹದಿನೈದು ವರ್ಷಗಳ ಕಾಲ ಅದು ಕೆಲಸದ ಮನೆಯಾಗಿತ್ತು. ಅರಮನೆಯು ಮುಗಿದ ಮರುವರ್ಷವೇ, ಎಂದರೆ 1913ರಲ್ಲಿ, ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಮೈಸೂರಿನಲ್ಲಿ ಆರಂಭವಾಯಿತೆಂಬುದು ಗಮನಾರ್ಹವಾಗಿದೆ. ಅದರ ಕಟ್ಟಡಕ್ಕೆ 1906ರಲ್ಲಿಯೇ, ಮುಂದೆ ಐದನೆಯ ಜಾರ್ಜ್ ದೊರೆಯಾದ ವೇಲ್ಸ್ ರಾಜಕುಮಾರರು ಅಸ್ತಿಭಾರವನ್ನಿಟ್ಟಿದ್ದರು. ಅರಮನೆಯ ಒಂದು ದೊಡ್ಡ ಕೆಲಸವು ತೀರಿದ ಬಳಿಕ ಕುಶಲಕರ್ಮಿಯು ನೂರಾರು ಸಣ್ಣ ಕೊಳ್ಳುಗರನ್ನು ನಂಬಿ ಬದುಕಬೇಕಾಗಿದ್ದ ಕಾಲದಲ್ಲಿ ಈ ಸಂಸ್ಥೆಯು ತಲೆಯೆತ್ತಿತು.

ಇದಕ್ಕಿಂತ ಮೊದಲೇ ಮೈಸೂರಿನ ಕೈಗಾರಿಕೆಯ ಶಾಲೆಯಿಂದ ಹೊರಬಂದವರಲ್ಲಿ ಕೆ. ವೆಂಕಟಪ್ಪನವರು ಅಗ್ರಗಣ್ಯರು. ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿದ ಇವರನ್ನು ನಾಲ್ವಡಿ ಕೃಷ್ಣರಾಜ ಒಡೆಯರವರು 1909ರ ಸುಮಾರಿಗೆ ಕಲ್ಕತ್ತೆಗೆ ಕಳುಹಿಸಿದರು. ಅಲ್ಲಿಯ ಸರ್ಕಾರಿ ಕಲಾಶಾಲೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ, ನಂದಲಾಲ ಬೋಸರ ಸಹಪಾಠಿಯಾಗಿ ಕಲಿತು ಹಿಂದಿರುಗಿದ ವೆಂಕಟಪ್ಪನವರು ಮೈಸೂರು ಅರಮನೆಗಾಗಿ ಗಾರೆಯ ಉಬ್ಬುಶಿಲ್ಪಗಳನ್ನು ಮಾಡಿದರು. ಕುಲದ ಹದ, ಶಾಲೆಯ ಶಿಸ್ತು, ದೂರದ ಗುರುವಿನ ಉಪದೇಶ, ಅರಸರ ಆಶ್ರಯ ಈ ನಾಲ್ಕೂ ಅವರಲ್ಲಿ ಕೂಡಿಬಂದುವು. ಆದರೆ 1940ರಲ್ಲಿ ಮಹಾರಾಜರು ಸ್ವರ್ಗಸ್ಥರಾದ ಮೇಲೆ ಆ ಆಶ್ರಯವು ತಪ್ಪಿ, ವೆಂಕಟಪ್ಪನವರು ಬೆಂಗಳೂರಿಗೆ ಬಂದು ನೆಲಸಿದರು. ಅಷ್ಟು ದೊಡ್ಡ ಕಲಾವಿದರ ಜೀವನವೂ ಒಬ್ಬ ಪೋಷಕರ ಆಯುಸ್ಸಿಗೆ ಕಟ್ಟುಬಿದ್ದಿತ್ತೆಂಬುದನ್ನು ಇಲ್ಲಿ ಮರೆಯುವಂತಿಲ್ಲ.

1916ರ ಜುಲೈ ತಿಂಗಳಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ದಿವಾನರಾಗಿದ್ದ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಕೈಗಾರಿಕೆಯ ಬೆಳೆವಣಿಗೆಯಲ್ಲಿ ಹೊಂದಿದ್ದ ಆಸಕ್ತಿಯು ಲೋಕವಿದಿತವಾದುದು. ಮರುವರ್ಷ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜೂ ತೆರೆಯಿತು. ಇಂಜಿನಿಯರಿಂಗು ಪದವಿಯ ವಿದ್ಯೆಯಾಯಿತು. ಬೀಟೆಯ ಕೆಲಸ, ಕೆತ್ತನೆ, ಎರಕ, ಚಿತ್ರಗಳು ಅದೇ ಮೈಸೂರು ನಗರದಲ್ಲಿ, ವಿಶ್ವವಿದ್ಯಾನಿಲಯಕ್ಕೆ ಕೂಗಳತೆಯಲ್ಲಿದ್ದರೂ, ಪದವಿಯ ಹೊರಗೇ ಉಳಿದುವು. 1857ರಲ್ಲಿ ಮುಂಬಯಿಯಲ್ಲಿ ಕಂಡ ಅಗಲಿಕೆಯೇ ಇಲ್ಲಿಯೂ ಮರುಕಳಿಸಿತು.

7

ಕುಶಲವಿದ್ಯೆಯನ್ನೂ ಉನ್ನತ ಶಿಕ್ಷಣವನ್ನೂ ಒಂದೇ ಸೂರಿನ ಕೆಳಗೆ ತರುವ ಯತ್ನವು ಶಾಂತಿನಿಕೇತನದಲ್ಲಿ ನಡೆಯಿತು. 1919ರಲ್ಲಿ ಅಲ್ಲಿ ಕಲಾಭವನವು ಆರಂಭವಾಗಿ ನಂದಲಾಲ ಬೋಸರು ಅದರ ಚುಕ್ಕಾಣಿ ಹಿಡಿದರು. 1922ರಲ್ಲಿ ಪಕ್ಕದ ಶ್ರೀನಿಕೇತನದಲ್ಲಿ ಗ್ರಾಮಪುನರುಜ್ಜೀವನದ ಕೆಲಸ ತೊಡಗಿದ ಮೇಲೆ ನೆಯ್ಗೆ, ಚರ್ಮದ ಕೆಲಸ, ಬಾಟಿಕ್ ಬಣ್ಣಗಾರಿಕೆ ಮುಂತಾದುವು ಅಲ್ಲಿ ಬೆಳೆದುವು. ಚಿತ್ರ ಬರೆಯುವವನು ಮಗ್ಗದ ಮುಂದೆಯೂ ಕುಳಿತುಕೊಳ್ಳಬೇಕು, ಮಡಕೆಯ ಮೈಯನ್ನೂ ಬಲ್ಲವನಾಗಬೇಕು ಎಂಬುದು ನಂದಲಾಲರ ಬೋಧನೆಯ ತಿರುಳು. 1951ರಲ್ಲಿ ವಿಶ್ವಭಾರತಿಯು ಕೇಂದ್ರ ವಿಶ್ವವಿದ್ಯಾನಿಲಯವಾದಾಗ ಈ ಕ್ರಮಕ್ಕೆ ಶಾಸನದ ಮನ್ನಣೆ ಬಂದಿತು.

ಬರೋಡಾದಲ್ಲಿ 1949ರಲ್ಲಿ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯವು ಹುಟ್ಟಿದಾಗ ಹಳೆಯ ಕಲಾಭವನವು ಅದರ ಇಂಜಿನಿಯರಿಂಗ್ ವಿಭಾಗವಾಗಿ ಸೇರಿಹೋಯಿತು. ಕಲೆಗೆ ಪ್ರತ್ಯೇಕವಾದ ವಿಭಾಗವು 1950ರಲ್ಲಿ ತೆರೆದು, ಪದವಿಯ ಶಿಕ್ಷಣವು ಅಲ್ಲಿ ವ್ಯವಸ್ಥಿತವಾಗಿ ನಡೆಯತೊಡಗಿತು. ಮದರಾಸಿನಲ್ಲಿ ಅರ್ಥಶಾಸ್ತ್ರವನ್ನೋದಿ, ಶಾಂತಿನಿಕೇತನದಲ್ಲಿ ನಂದಲಾಲರ ಬಳಿ ಕಲಿತ ಕೆ. ಜಿ. ಸುಬ್ರಹ್ಮಣ್ಯನ್ ಅವರು ಇಲ್ಲಿ ಅಧ್ಯಾಪಕರಾದರು. 1959ರಿಂದ 1961ರ ವರೆಗೆ ಅಖಿಲ ಭಾರತ ಕೈಮಗ್ಗ ಮಂಡಲಿಯಲ್ಲಿ ವಿನ್ಯಾಸದ ಅಧಿಕಾರಿಯಾಗಿದ್ದು ನೇಕಾರರ ಕಷ್ಟಸುಖಗಳನ್ನು ಹತ್ತಿರದಿಂದ ಕಂಡು ಮತ್ತೆ ಬರೋಡಾಕ್ಕೆ ಬಂದರು. 1961ರಿಂದ ಅಲ್ಲಿ ನಡೆದ ಕಲಾಮೇಳಗಳಲ್ಲಿ ಅಧ್ಯಾಪಕರೂ ವಿದ್ಯಾರ್ಥಿಗಳೂ ಸೇರಿ ಆಟದ ಬೊಂಬೆ, ಬಟ್ಟೆ, ಮಡಕೆಗಳನ್ನು ಮಾಡಿ ಜನರಿಗೆ ಮಾರಿದರು. ವಿದ್ಯಾರ್ಥಿಯು ತಾನು ಮಾಡಿದ ವಸ್ತುವನ್ನು ಕೊಳ್ಳುವವನ ಮುಖವನ್ನು ಕಾಣುವುದು, ಬೆಲೆ ಹೇಳುವುದು, ಚೌಕಾಶಿಯನ್ನು ಕೇಳುವುದು, ಇವೂ ಪಾಠದ ಅಂಗವಾದುವು.

ಮದರಾಸಿನ ಶಾಲೆಯ ಪ್ರಿನ್ಸಿಪಾಲರಾಗಿದ್ದ ಕೆ. ಸಿ. ಎಸ್. ಪಣಿಕ್ಕರ್ ಅವರ ಶಿಷ್ಯವರ್ಗವು ಇದೇ ಪ್ರಶ್ನೆಗೆ ತಾನೇ ಉತ್ತರವನ್ನು ಕಂಡುಕೊಂಡಿತು. ಕಲಿತು ಹೊರಬಂದರೂ ಚಿತ್ರಗಳು ಮಾರಾಟವಾಗದೆ ಇದ್ದಾಗ ಅವರು ಸಂಘ ಕಟ್ಟಿಕೊಂಡು ಬಾಟಿಕ್ ಮೊದಲಾದ ಕೈಕೆಲಸಗಳನ್ನು ಮಾಡಿ ಮಾರಿದರು. ಆ ಹಣದ ಬಲದಿಂದ 1966ರಲ್ಲಿ ಸಮುದ್ರದಂಡೆಯಲ್ಲಿ ನಿವೇಶನಗಳನ್ನು ಕೊಂಡು ಚೋಳಮಂಡಲವೆಂಬ ಕಲಾವಿದರ ಗ್ರಾಮವನ್ನು ಸ್ಥಾಪಿಸಿದರು. ಕುಶಲಕಲೆಯನ್ನು ಕೀಳೆಂದು ಎಣಿಸುತ್ತಿದ್ದ ಚಿತ್ರಕಲೆಗೆ ಅನ್ನವಿಕ್ಕಿದುದು ಕುಶಲಕಲೆಯೇ.

8

ಸ್ವಾತಂತ್ರ್ಯಾನಂತರ ಸರ್ಕಾರವು ಅರಸುಮನೆಗಳ ಸ್ಥಾನವನ್ನು ಸ್ವಲ್ಪಮಟ್ಟಿಗೆ ತುಂಬಿತು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಲಿಯು ಏರ್ಪಟ್ಟಿತು. ಅದನ್ನು ಬಹುಕಾಲ ನಡೆಯಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ ಅವರು. ಬೆಂಗಳೂರೂ ಸೇರಿದಂತೆ ಕೆಲವು ನಗರಗಳಲ್ಲಿ ತೆರೆದ ವಿನ್ಯಾಸ ಕೇಂದ್ರಗಳಿಂದ ಕಲಾಶಾಲೆಗಳಲ್ಲಿ ಕಲಿತವರಿಗೆ ಹೊಸದೊಂದು ಉದ್ಯೋಗವು ದೊರೆಯಿತು. ಕುಶಲಕರ್ಮಿಯ ಕೈಗೂ ಪಟ್ಟಣದ ಕೊಳ್ಳುಗನ ಬಯಕೆಗೂ ನಡುವೆ ನಿಂತು ನಮೂನೆಗಳನ್ನು ರೂಪಿಸುವುದೇ ಆ ಉದ್ಯೋಗ. 1958ರಲ್ಲಿ ಅಮೆರಿಕದ ಚಾರ್ಲ್ಸ್ ಈಮ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರ್ಕಾರಕ್ಕೆ ಒಪ್ಪಿಸಿದ ವರದಿಯಲ್ಲಿ ಮನೆಮನೆಯ ನೀರಿನ ಚೊಂಬನ್ನೇ ಉತ್ತಮ ರಚನೆಗೆ ಮಾದರಿಯಾಗಿ ಎತ್ತಿ ಹಿಡಿದರು. ಅದರ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯು ಸ್ಥಾಪಿತವಾಯಿತು. ಅಲ್ಲಿಯ ವಿದ್ಯಾರ್ಥಿಗಳು ಕಸುಬುದಾರರ ಊರುಗಳಿಗೆ ಹೋಗಿ ಅವರ ಕೆಲಸವನ್ನು ದಾಖಲೆ ಮಾಡುವುದು ವ್ಯಾಸಂಗದ ಭಾಗವಾಯಿತು. ಆದರೂ ಆ ಸಂಸ್ಥೆಗೆ ಪದವಿ ಕೊಡುವ ಅಧಿಕಾರವು ಬಂದುದು 2014ರ ಶಾಸನದಿಂದ. ಮೈಸೂರಿನಲ್ಲಿಯಂತೂ 1980ರ ದಶಕದ ಆದಿಯಲ್ಲಿ ಚಾಮರಾಜೇಂದ್ರ ದೃಶ್ಯಕಲೆಗಳ ಅಕಾಡೆಮಿಯು ಹುಟ್ಟಿದ ಮೇಲೆಯೇ ಹಳೆಯ ಇನ್‌ಸ್ಟಿಟ್ಯೂಟಿನ ಪರಂಪರೆಗೆ ವಿಶ್ವವಿದ್ಯಾನಿಲಯದ ಪದವಿಯು ಲಭಿಸಿತು.

9

ಮೇಲೆ ಹೇಳಿದ ಸಂಗತಿಗಳನ್ನೆಲ್ಲ ಒಟ್ಟಿಗೆ ನೋಡಿದರೆ ಕುಶಲವಿದ್ಯೆಯನ್ನು ಕಲಿತವನು ಅದರಿಂದಲೇ ಬದುಕಲು ಮೂರು ಆಧಾರಗಳು ಬೇಕೆಂದು ತೋರುವುದು. ಸಾಮಗ್ರಿಯ ಮೇಲೆ ಕೈಯಿಟ್ಟು ಕಲಿಯುವ ಕಾರ್ಯಶಾಲೆ ಮೊದಲನೆಯದು. ಕೆಲಸವನ್ನು ಬೇಡುವ ಪೇಟೆ ಅಥವಾ ಆಶ್ರಯ ಎರಡನೆಯದು. ಕಲಿತುದಕ್ಕೆ ಸಮಾಜವು ಕೊಡುವ ಮನ್ನಣೆ ಮೂರನೆಯದು. ಹಳೆಯ ಕುಲಪದ್ಧತಿಯಲ್ಲಿ ಮೊದಲಿನ ಎರಡು ಇದ್ದುವು. ಮೂರನೆಯದು ಕುಲದೊಳಗೆ ಮಾತ್ರ ಇತ್ತು. 19ನೆಯ ಶತಮಾನದ ಕಲಾಶಾಲೆಗಳಲ್ಲಿ ಮೊದಲನೆಯದು ಅರೆಮಟ್ಟಿಗೆ ಇದ್ದಿತು, ಉಳಿದೆರಡೂ ಅಪರೂಪವಾಗಿದ್ದುವು. ಲಾಹೋರಿನಲ್ಲಿ ಗುರುವೂ ಮೈಸೂರಿನಲ್ಲಿ ಅರಸರೂ ಮದರಾಸಿನಲ್ಲಿ ಶಿಷ್ಯರ ಸಂಘವೂ ಎರಡನೆಯ ಆಧಾರವನ್ನು ಒದಗಿಸಿದುವು. ವಿಶ್ವವಿದ್ಯಾನಿಲಯವು ಮೂರನೆಯದನ್ನು ಕೊಟ್ಟಿತು.

ಆದರೆ ಪದವಿಯೊಡನೆ ಒಂದು ಹೊಸ ತೊಡಕೂ ಬಂದಿದೆ. ಪ್ರವೇಶಕ್ಕೆ ಹಿಂದಿನ ಪರೀಕ್ಷೆಗಳೂ ಇಂಗ್ಲಿಷಿನ ಪರಿಚಯವೂ ಬೇಕಾಗುವಲ್ಲಿ ಮಗ್ಗದ ಮನೆಯ, ಕುಲುಮೆಯ ಮನೆಯ ಮಕ್ಕಳು ಹಿಂದೆ ಬೀಳುತ್ತಾರೆ. ನಮೂನೆ ರೂಪಿಸುವವನಿಗೆ ಪದವಿ, ಅದನ್ನು ನೆಯ್ಯುವವನಿಗೆ ಕೂಲಿ ಎಂದಾದರೆ 1857ರ ಅಗಲಿಕೆಯು ವಿಶ್ವವಿದ್ಯಾನಿಲಯದ ಒಳಗೇ ನೆಲಸಿದಂತಾಗುವುದು. ಗಜ್ಜರರು 1890ರಲ್ಲಿ ದೇಶಭಾಷೆಯಲ್ಲಿ ಪಾಠ ಹೇಳಿಸಲು ಹೊರಟುದು ಈ ತೊಡಕನ್ನು ಮುಂದಾಗಿಯೇ ಕಂಡು. ಬಡಗಿಯ ಮಗನಾದ ರಾಮ್ ಸಿಂಗರು ತಾವು ಕಲಿತ ಶಾಲೆಗೇ ಪ್ರಿನ್ಸಿಪಾಲರಾದಂತೆ ಕಸುಬಿನ ಮನೆಯವರು ವಿದ್ಯಾರ್ಥಿಗಳಾಗಿಯೂ ಅಧ್ಯಾಪಕರಾಗಿಯೂ ಎಷ್ಟು ಮಂದಿ ಅಲ್ಲಿಗೆ ಬರುತ್ತಾರೆಂಬುದರಿಂದಲೇ ಕುಶಲವಿದ್ಯೆಗೆ ವಿಶ್ವವಿದ್ಯಾನಿಲಯದಲ್ಲಿ ದೊರೆತಿರುವ ಸ್ಥಾನವು ಎಷ್ಟರ ಮಟ್ಟಿಗೆ ನಿಜವಾದುದೆಂದು ಅಳೆಯಬೇಕಾಗಿದೆ.